ಹೆಬ್ಬೆರಳುದ್ದದ ಪಿಶಾಚಿಗೆ ಬಣ್ಣ: ನಮ್ಮ ಬಿಸಿಲಿಗೆ ಹೊಂದುವ ಸಮಗ್ರ ಮಾರ್ಗದರ್ಶಿ

ಪುಟ್ಟ ಗೊಂಬೆಗಳನ್ನು ಪಾತ್ರಗಳಾಗಿ ಇಟ್ಟುಕೊಂಡು ಆಡುವ ಟೇಬಲ್‌ಟಾಪ್ ಆಟದಲ್ಲಿ ಪಿಶಾಚಿಯ ಗೊಂಬೆಯನ್ನು ಮೇಜಿನ ಮೇಲೆ ಇಟ್ಟಾಗ ಆಡುವವರ ಮಾತು ಒಂದು ಕ್ಷಣ ನಿಲ್ಲಬೇಕು. ಅದಕ್ಕೇ ಅಲ್ವಾ ಇಷ್ಟೆಲ್ಲ ಕಷ್ಟಪಡೋದು? ಆದರೆ ಹೊಸದಾಗಿ ಬಣ್ಣ ಹಚ್ಚಲು ಕೂತವರು ಭಯ ಹುಟ್ಟಿಸಬೇಕು ಅಂದ ಕೂಡಲೇ ಕೆಂಪು ಡಬ್ಬಿಗೆ ಕೈ ಹಾಕುತ್ತಾರೆ. ಬಾಯಿ ತುಂಬ ರಕ್ತ, ಕೈ ತುಂಬ ರಕ್ತ, ಕಾಲಡಿಯಲ್ಲೂ ರಕ್ತ. ಎರಡಡಿ ದೂರದಿಂದ ನೋಡಿದರೆ ಆ ಗೊಂಬೆ ಓಕುಳಿ ಆಡಿ ಬಂದವರ ಹಾಗೆ ಕಾಣುತ್ತದೆ. ಭಯ ಇರೋದು ಚರ್ಮದಲ್ಲಿ. ಮನುಷ್ಯರ ಮೈಬಣ್ಣಕ್ಕೆ ತೀರ ಹತ್ತಿರ ಇದ್ದೂ ಎಲ್ಲೋ ಏನೋ ಕೆಟ್ಟಿದೆ ಅನ್ನಿಸುವ ಚರ್ಮ ಕಂಡಾಗ ಮೈ ಜುಮ್ಮೆನ್ನುತ್ತದೆ. ಆ ಚರ್ಮವನ್ನು ತರುವ ದಾರಿಯನ್ನೇ ಇಲ್ಲಿ ಹೆಚ್ಚು ವಿವರವಾಗಿ ಹೇಳುತ್ತೇನೆ. ಉಳಿದದ್ದನ್ನು ಬೇಕಾದಷ್ಟೇ.

ಇನ್ನೊಂದು ವಿಷಯ. ನಮಗೆ ಸಿಗುವ ಬಹುಪಾಲು ವಿಡಿಯೊಗಳು ತಂಪು ದೇಶಗಳಲ್ಲಿ ಮಾಡಿದವು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಳ್ಳಾರಿ, ರಾಯಚೂರು, ಕೊಪ್ಪಳದ ಮನೆಗಳಲ್ಲಿ ಅದೇ ಅಳತೆಯಲ್ಲಿ ನೀರು ಬೆರೆಸಿದರೆ ಬಣ್ಣ ಬ್ರಶ್ಶಿನ ತುದಿಯಲ್ಲೇ ಒಣಗಿ ಹೋಗುತ್ತದೆ. ಹಾಗಾಗಿ ಇಲ್ಲಿನ ಅಳತೆಗಳೆಲ್ಲ ನಮ್ಮ ಒಣ ಬಿಸಿಲಿಗೆ ತಕ್ಕಂತೆ ಇವೆ.

ಗೊಂಬೆ ಆರಿಸುವುದು

ಮೊದಲ ಸಲಕ್ಕೆ ಹೆಣ ತಿನ್ನುವ ಪಿಶಾಚಿಯನ್ನೇ ಆರಿಸಿಕೊಳ್ಳಿ. ಇಂಗ್ಲಿಷಿನಲ್ಲಿ ಗೂಲ್ ಅನ್ನುತ್ತಾರೆ. ಬಾಗಿದ ಬೆನ್ನು, ಎದ್ದು ಕಾಣುವ ಪಕ್ಕೆಲುಬು, ಉದ್ದ ಬೆರಳು, ತೆರೆದ ಬಾಯಿ. ಕವಚ, ಬೆಲ್ಟು, ಪದಕಗಳ ಗೊಡವೆ ಇಲ್ಲ. ಮುಕ್ಕಾಲು ಭಾಗ ಬರೀ ಚರ್ಮ. ನಮಗೆ ಬೇಕಾಗಿರೋದೂ ಅದೇ.

ಸಾಮಾನ್ಯ ಅಳತೆಯ ಗೊಂಬೆಗಳು 28ರಿಂದ 32 ಮಿಲಿಮೀಟರ್ ಎತ್ತರ ಇರುತ್ತವೆ. 1974ರಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಇವತ್ತಿಗೂ ಮನುಷ್ಯ ಗಾತ್ರದ ಪಾತ್ರಕ್ಕೆ ಒಂದು ಇಂಚಿನ ಚೌಕ ಸಾಕು. ಹಾಗಾಗಿ ಗೊಂಬೆಯ ತಳಬಿಲ್ಲೆ ಸುಮಾರು 25 ಮಿಲಿಮೀಟರ್ ಅಗಲ. ಮುಖ ಹೆಚ್ಚೆಂದರೆ 4 ಮಿಲಿಮೀಟರ್. ಕಣ್ಣು 1 ಮಿಲಿಮೀಟರಿಗಿಂತ ಚಿಕ್ಕದು. ಈ ಅಳತೆ ತಲೆಯಲ್ಲಿರಲಿ. ಮುಂದೆ ಹೇಳುವ ಎಲ್ಲದಕ್ಕೂ ಕಾರಣ ಇದೇ.

ಪ್ಲಾಸ್ಟಿಕ್ ಗೊಂಬೆ ಹೊಸಬರಿಗೆ ಸುಲಭ. ವಿಜ್‌ಕಿಡ್ಸ್ ಕಂಪನಿಯವರ ನೋಲ್ಜರ್ಸ್ ಸಾಲಿನ ಗೊಂಬೆಗಳು ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲು ಬಳಿಯುವ ತಳಪದರ, ಹಚ್ಚಿಕೊಂಡೇ ಬರುತ್ತವೆ. ಯಾರ ಹತ್ತಿರವಾದರೂ ತ್ರೀಡಿ ಪ್ರಿಂಟರ್ ಇದ್ದರೆ ರೆಸಿನ್‌ನಲ್ಲಿ ಮುದ್ರಿಸಿಕೊಳ್ಳಬಹುದು. ಆದರೆ ಒಂದು ಎಚ್ಚರಿಕೆ: ಮುದ್ರಿಸಿದ ರೆಸಿನ್ ಗೊಂಬೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ತೊಳೆದು, ಯುವಿ ಬೆಳಕಿನಲ್ಲಿ ಪೂರ್ತಿ ಗಟ್ಟಿ ಮಾಡಿದ ಮೇಲೆ ಮಾತ್ರ ಬರಿಗೈಯಲ್ಲಿ ಮುಟ್ಟಬೇಕು. ಹಸಿ ರೆಸಿನ್ ಚರ್ಮಕ್ಕೆ ಒಳ್ಳೆಯದಲ್ಲ. ಮುಟ್ಟಿದರೆ ಇನ್ನೂ ಅಂಟಂಟು ಅನ್ನಿಸುತ್ತಿದೆಯೇ? ಕೊಟ್ಟವರಿಗೇ ವಾಪಸ್ ಕೊಟ್ಟು ಮತ್ತೆ ಗಟ್ಟಿ ಮಾಡಿಸಿ.

ಸಾಮಾನು

ಬಣ್ಣ ಅಕ್ರಿಲಿಕ್ ಆಗಿರಲಿ. ವಲ್ಲೇಹೊ, ಸಿಟಡೆಲ್, ಆರ್ಮಿ ಪೇಂಟರ್ ಕಂಪನಿಗಳ ಬಣ್ಣದಲ್ಲಿ ಪುಡಿ ತೀರ ನಯ. ತೆಳುವಾಗಿ ಹಚ್ಚಿದರೂ ಚೆನ್ನಾಗಿ ಮುಚ್ಚುತ್ತದೆ. ಅಷ್ಟು ದುಡ್ಡು ಹಾಕಲು ಆಗದಿದ್ದರೆ ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಕ್ಯಾಮೆಲ್ ಅಥವಾ ಫೆವಿಕ್ರಿಲ್ ಅಕ್ರಿಲಿಕ್ ನಡೆಯುತ್ತದೆ. ಒಂದೆರಡು ಪದರ ಜಾಸ್ತಿ ಹಚ್ಚಬೇಕಾಗುತ್ತದೆ, ಅಷ್ಟೆ. ನನ್ನ ಸಲಹೆ ಕೇಳಿದರೆ, ಬಿಳಿ, ಕಪ್ಪು, ಕಂದು ಬಣ್ಣವನ್ನು ಇಲ್ಲಿಯದನ್ನೇ ಕೊಳ್ಳಿ. ಚರ್ಮದ ಬಣ್ಣ ಮತ್ತು ಒಂದು ನೇರಳೆ ವಾಶ್ ಮಾತ್ರ ಗೊಂಬೆಗೆಂದೇ ಮಾಡಿದ್ದು ತರಿಸಿ. ವಾಶ್ ಅಂದರೆ ನೀರಿನಷ್ಟು ತೆಳುವಾದ, ತಗ್ಗುಗಳಿಗೆ ಇಳಿದು ನಿಲ್ಲುವ ಬಣ್ಣ.

ಬ್ರಶ್ ಎರಡು ಸಾಕು. 2ನೇ ನಂಬರಿನದು ಮೈಗೆ, 1 ಅಥವಾ 0 ನಂಬರಿನದು ಮುಖಕ್ಕೆ. ಇವುಗಳ ಜೊತೆಗೆ ಡ್ರೈಬ್ರಶ್ ಮಾಡಲು (ಅದೇನು ಅಂತ ಬಟ್ಟೆಯ ಭಾಗದಲ್ಲಿ ಹೇಳುತ್ತೇನೆ) ಮೊಂಡಾದ ಹಳೆಯದೊಂದು ಇರಲಿ. ಕಣ್ಣು ಚಿಕ್ಕದು ಅಂತ ಮೂರು ಸೊನ್ನೆಯ ಬ್ರಶ್ ಕೊಳ್ಳಬೇಡಿ. ಅದರ ಹೊಟ್ಟೆಯಲ್ಲಿ ಬಣ್ಣವೇ ನಿಲ್ಲುವುದಿಲ್ಲ. ನಮ್ಮ ಸೆಕೆಗೆ ತಟ್ಟೆಯಿಂದ ಗೊಂಬೆಯ ಮುಖ ಮುಟ್ಟುವಷ್ಟರಲ್ಲಿ ಒಣಗಿರುತ್ತದೆ. ತುದಿ ಚೂಪಾಗಿರಬೇಕು, ಹೊಟ್ಟೆ ತುಂಬಿರಬೇಕು. ಸೇಬಲ್ ಅನ್ನುವ ಪ್ರಾಣಿಯ ಕೂದಲಿನದಾದರೆ ಇನ್ನೂ ಒಳ್ಳೆಯದು.

ನೀರಿನ ಬಗ್ಗೆ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ನಮ್ಮ ಕಡೆ ಬೋರ್ ನೀರು ಗಡುಸು. ಸ್ಟೀಲ್ ಲೋಟದಲ್ಲಿ ಒಣಗಿದರೆ ಬಿಳಿ ಕರೆ ಉಳಿಯುತ್ತದೆ ನೋಡಿ, ಕಪ್ಪು ಬಣ್ಣದ ಮೇಲೆ ತೆಳು ವಾಶ್ ಒಣಗಿದಾಗಲೂ ಅಂಥದೇ ಕರೆ ಕಾಣಬಹುದು. ಬ್ರಶ್ ತೊಳೆಯಲು ಯಾವ ನೀರಾದರೂ ಸರಿ. ಬಣ್ಣಕ್ಕೆ ಬೆರೆಸಲು ಫಿಲ್ಟರ್ ನೀರು ಬಳಸಿ.

ಒದ್ದೆ ತಟ್ಟೆ: ಇದಿಲ್ಲದೆ ಬೇಸಿಗೆಯಲ್ಲಿ ಕೂರಬೇಡಿ

ಮುಚ್ಚಳ ಬಿಗಿಯಾಗಿ ಕೂರುವ ಅಗಲವಾದ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಳ್ಳಿ. ತಳದಲ್ಲಿ ಅಡುಗೆಮನೆಯ ಸ್ಪಂಜ್ ಬಟ್ಟೆ ಅಥವಾ ನಾಲ್ಕು ಮಡಿಕೆ ಟಿಶ್ಯೂ ಹಾಸಿ. ನೀರು ಹಾಕಿ ಪೂರ್ತಿ ನೆನೆಸಿ. ಬಗ್ಗಿಸಿದರೆ ನೀರು ಹರಿಯಬಾರದು, ಒತ್ತಿದರೆ ಜಿನುಗಬೇಕು. ಮೇಲೆ ಕೇಕ್ ಬೇಯಿಸಲು ಬಳಸುವ ಬಟರ್ ಪೇಪರ್ ಹಾಸಿ, ಗುಳ್ಳೆ ಇಲ್ಲದಂತೆ ಸವರಿ. ಮೇಣ ಬಳಿದ ಕಾಗದ ಬೇಡ, ಅದರಿಂದ ನೀರು ಮೇಲೆ ಬರುವುದಿಲ್ಲ. ಬಣ್ಣವನ್ನು ಈ ಕಾಗದದ ಮೇಲೆ ಹಾಕಿಕೊಂಡರೆ ಗಂಟೆಗಟ್ಟಲೆ ಹಸಿಯಾಗಿರುತ್ತದೆ. ಎದ್ದು ಹೋಗುವಾಗ ಮುಚ್ಚಳ ಹಾಕಿ. ಎರಡು ಮೂರು ದಿನಕ್ಕೊಮ್ಮೆ ನೀರು ಬದಲಿಸಿ, ಇಲ್ಲವಾದರೆ ವಾಸನೆ ಬರುತ್ತದೆ.

ಫ್ಯಾನ್ ಗಾಳಿ ನೇರವಾಗಿ ಕೈಮೇಲೆ ಬೀಳದ ಜಾಗದಲ್ಲಿ ಕೂತುಕೊಳ್ಳಿ. ಕೂಲರ್ ಇದ್ದರೆ ಬಣ್ಣ ಹಚ್ಚುವಾಗ ಅದರ ತೇವದ ಗಾಳಿ ಅನುಕೂಲವೇ. ಕೊನೆಗೆ ವಾರ್ನಿಶ್ ಹೊಡೆಯುವಾಗ ಮಾತ್ರ ಆಫ್ ಮಾಡಬೇಕು. ಯಾಕೆ ಅಂತ ಅಲ್ಲೇ ಹೇಳುತ್ತೇನೆ.

ಸ್ವಚ್ಛ ಮಾಡಿ ಜೋಡಿಸುವುದು

ಅಚ್ಚಿನ ಎರಡು ಭಾಗ ಕೂಡಿದ ಕಡೆ ಗೊಂಬೆಯ ಮೈಮೇಲೆ ಸಣ್ಣ ಗೆರೆ ಎದ್ದಿರುತ್ತದೆ. ಚಾಕುವಿನ ಬೆನ್ನಿನಿಂದ ಅದನ್ನು ಮೆಲ್ಲಗೆ ಕೆರೆಯಿರಿ. ಬಣ್ಣ ಹಚ್ಚಿದ ಮೇಲೆ ಈ ಗೆರೆ ಎರಡು ಪಟ್ಟು ಎದ್ದು ಕಾಣುತ್ತದೆ. ಆಮೇಲೆ ಪಾತ್ರೆ ತೊಳೆಯುವ ಸೋಪು ಹಾಕಿದ ಉಗುರು ಬೆಚ್ಚಗಿನ ನೀರಿನಲ್ಲಿ ಹಳೆಯ ಟೂತ್‌ಬ್ರಶ್ಶಿನಿಂದ ಉಜ್ಜಿ ಒಣಗಿಸಿ. ಅಚ್ಚಿನ ಎಣ್ಣೆ, ಕೈಯ ಜಿಡ್ಡು ಉಳಿದರೆ ಬಣ್ಣ ಹಿಡಿಯುವುದಿಲ್ಲ.

ಗಟ್ಟಿ ಪ್ಲಾಸ್ಟಿಕ್ ತುಂಡುಗಳನ್ನು ಪ್ಲಾಸ್ಟಿಕ್ ಸಿಮೆಂಟ್‌ನಿಂದ ಅಂಟಿಸಿ, ಅದು ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುತ್ತದೆ. ರೆಸಿನ್, ಲೋಹಕ್ಕೆ ಫೆವಿಕ್ವಿಕ್. ಸಂದುಗಳನ್ನು ಎಂ-ಸೀಲ್ ಕಲಸಿ ತುಂಬಿ. ಒದ್ದೆ ಬೆರಳಿನಿಂದ ನೀವಿದರೆ ನಯವಾಗುತ್ತದೆ, ಕೈಗೆ ಗ್ಲೌಸ್ ಇರಲಿ. ಕೊನೆಗೆ ಖಾಲಿ ಔಷಧಿ ಬಾಟಲಿಯ ಮುಚ್ಚಳದ ಮೇಲೆ ಡಬಲ್ ಸೈಡ್ ಟೇಪಿನಿಂದ ಗೊಂಬೆಯನ್ನು ನಿಲ್ಲಿಸಿ. ಇನ್ನು ಮೇಲೆ ಬಾಟಲಿ ಹಿಡಿಯಿರಿ, ಗೊಂಬೆಯನ್ನು ಮುಟ್ಟಬೇಡಿ.

ಪ್ರೈಮರ್

ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ ಚಿತ್ರಗಾರರು ಗೊಂಬೆ ಮಾಡುವುದನ್ನು ನೋಡಿದವರಿಗೆ ಪ್ರೈಮರ್ ಏಕೆ ಬೇಕು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಅವರು ಹಗುರ ಮರವನ್ನು ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಬಟ್ಟೆಯ ಚೂರು ಅಂಟಿಸಿ, ಅದರ ಮೇಲೆ ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿಯುತ್ತಾರೆ. ಅದು ಒಣಗಿದ ಮೇಲೇ ಬಣ್ಣ. ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ಆ ಗೊಂಬೆಗಳ ಹೊಳಪು ನಿಂತಿರೋದು ಕಣ್ಣಿಗೆ ಕಾಣದ ಆ ಪದರದ ಮೇಲೆ. ನಮ್ಮ ಪ್ಲಾಸ್ಟಿಕ್ ಪಿಶಾಚಿಗೂ ಅದೇ ನಿಯಮ. ತಳ ಸರಿಯಿಲ್ಲದಿದ್ದರೆ ಮೇಲೆ ಎಷ್ಟು ಚೆಂದ ಬರೆದರೂ ಆಟದಲ್ಲಿ ನಾಲ್ಕು ಸಲ ಎತ್ತಿಟ್ಟ ಕೂಡಲೇ ಮೂಗಿನ ತುದಿಯ ಬಣ್ಣ ಏಳುತ್ತದೆ.

ಸ್ಪ್ರೇ ಪ್ರೈಮರ್ ಬಳಸುವುದಾದರೆ ಬೆಳಗ್ಗೆ ಬೇಗ ಎದ್ದು ಬಿಸಿಲು ಏರುವ ಮೊದಲೇ ಮುಗಿಸಿ. ಡಬ್ಬಿಯನ್ನು ಎರಡು ನಿಮಿಷ ಚೆನ್ನಾಗಿ ಕುಲುಕಿ. ಸಾಮಾನ್ಯವಾಗಿ 20ರಿಂದ 30 ಸೆಂಟಿಮೀಟರ್ ದೂರದಿಂದ ಹೊಡೆಯಿರಿ ಅನ್ನುತ್ತಾರೆ. ನಮ್ಮ ಸೆಕೆಯಲ್ಲಿ ಅಷ್ಟು ದೂರ ಹೋಗುವಷ್ಟರಲ್ಲಿ ಬಣ್ಣದ ಹನಿ ಗಾಳಿಯಲ್ಲೇ ಒಣಗಿ, ಗೊಂಬೆಯ ಮೇಲೆ ಮರಳು ಉದುರಿಸಿದ ಹಾಗೆ ತರಿತರಿಯಾಗಿ ಕೂರುತ್ತದೆ. 15ರಿಂದ 20 ಸೆಂಟಿಮೀಟರಿಗೆ ಹತ್ತಿರ ತನ್ನಿ. ಒಂದೇ ಸಮ ಹೊಡೆಯದೆ, ಚಿಕ್ಕ ಚಿಕ್ಕ ಬೀಸುಗಳಲ್ಲಿ ಎರಡು ತೆಳು ಪದರ ಹಾಕಿ. ಮಾಸ್ಕ್ ಕಡ್ಡಾಯ, ಜಾಗ ಬಯಲಾಗಿರಬೇಕು. ಡಬ್ಬಿಯನ್ನು ಬಿಸಿಲಲ್ಲಿ ಇಡಲೇಬೇಡಿ. ಸ್ಪ್ರೇ ಸಿಗದಿದ್ದರೆ ಆರ್ಟ್ ಅಂಗಡಿಯಲ್ಲಿ ಸಿಗುವ, ಕ್ಯಾನ್ವಾಸಿಗೆ ಬಳಿಯುವ ತಳಬಣ್ಣವಾದ ಗೆಸ್ಸೊವನ್ನು ತೆಳು ಮಾಡಿ ಬ್ರಶ್ಶಿನಿಂದ ಹಚ್ಚಬಹುದು.

ಪಿಶಾಚಿಗೆ ನಾನು ಹೇಳುವ ಕ್ರಮ ಹೀಗೆ: ಮೊದಲು ಪೂರ್ತಿ ಕಪ್ಪು. ಒಣಗಿದ ಮೇಲೆ ತಲೆಯ ಮೇಲಿನಿಂದ, ಓರೆಯಾಗಿ, ತೆಳುವಾದ ಬೂದು. ಕೊನೆಗೆ ನೆತ್ತಿಯ ನೇರದಿಂದ ಮಾತ್ರ ಒಂದೇ ಬೀಸು ಬಿಳಿ. ಈಗ ಗೊಂಬೆಯನ್ನು ನೋಡಿ. ಬೆಳಕು ಎಲ್ಲಿ ಬೀಳುತ್ತದೆ, ಕತ್ತಲು ಎಲ್ಲಿ ನಿಲ್ಲುತ್ತದೆ ಅನ್ನೋದು ತಾನಾಗಿ ಮೂಡಿರುತ್ತದೆ. ಮೊಬೈಲಿನಲ್ಲಿ ನಾಲ್ಕೂ ಕಡೆಯಿಂದ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ನೆರಳು ಎಲ್ಲಿ ಹಾಕಬೇಕು ಅಂತ ಗೊಂದಲವಾದಾಗ ಆ ಫೋಟೊ ನೋಡಿದರೆ ಸಾಕು.

ಚರ್ಮ: ಇಲ್ಲೇ ನಿಧಾನ ಮಾಡಿ

ಸತ್ತ ಮೈಯ ಬಣ್ಣ ಯಾಕೆ ಹಾಗಿರುತ್ತದೆ ಅಂತ ತಿಳಿದರೆ ಬ್ರಶ್ ತಾನಾಗಿ ಸರಿಯಾದ ಕಡೆ ಹೋಗುತ್ತದೆ. ಜೀವ ಇರುವವರೆಗೆ ಚರ್ಮದ ಕೆಳಗೆ ರಕ್ತ ಓಡುತ್ತಿರುತ್ತದೆ, ಮುಖದಲ್ಲಿ ಕೆಂಪಿನ ಛಾಯೆ ಇರುತ್ತದೆ. ಎದೆಬಡಿತ ನಿಂತ ಮೇಲೆ ರಕ್ತ ತನ್ನ ಭಾರಕ್ಕೆ ಕೆಳಗಿಳಿದು ಅಲ್ಲೇ ನಿಲ್ಲುತ್ತದೆ. ಮೈಯ ಮೇಲ್ಭಾಗ ಬಿಳಚಿಕೊಳ್ಳುತ್ತದೆ. ಕೆಳಭಾಗದಲ್ಲಿ ನೇರಳೆ ಮಚ್ಚೆಗಳು ಮೂಡುತ್ತವೆ. ಕೊಳೆಯಲು ಶುರುವಾದ ಮೇಲೆ ಹೊಟ್ಟೆಯ ಸುತ್ತ ಹಸಿರು ಕಾಣುತ್ತದೆ. ಅಂದರೆ ನಮ್ಮ ಪಿಶಾಚಿಗೆ ಮೇಲೆ ಬಿಳಚು, ಹೊಟ್ಟೆಯಲ್ಲಿ ಹಸಿರು ಛಾಯೆ, ಕೆಳಗೆ ಮತ್ತು ಸಂದುಗಳಲ್ಲಿ ನೇರಳೆ. ಇಷ್ಟು ನೆನಪಿದ್ದರೆ ಅರ್ಧ ಕೆಲಸ ಮುಗಿದಂತೆ.

ಮೊದಲ ಪದರಕ್ಕೆ ತಿಳಿ ಮೈಬಣ್ಣ ಮೂರು ಪಾಲು, ಬೂದು ಒಂದು ಪಾಲು, ಹಸಿರು ಬ್ರಶ್ಶಿನ ತುದಿಯಲ್ಲಿ ಬರುವಷ್ಟು. ಹಸಿರು ಜಾಸ್ತಿಯಾದರೆ ಮಕ್ಕಳ ಕಾರ್ಟೂನಿನ ರಾಕ್ಷಸ ಆಗಿಬಿಡುತ್ತದೆ. ಬಣ್ಣವನ್ನು ಕಾಗದದ ಮೇಲೆ ಎಳೆದು ನೋಡಿ: ಮೊದಲ ನೋಟಕ್ಕೆ ಮನುಷ್ಯರ ಮೈಬಣ್ಣ ಅನ್ನಿಸಬೇಕು, ಎರಡನೇ ನೋಟಕ್ಕೆ ಜ್ವರದಲ್ಲಿ ಮಲಗಿದವರ ಬಣ್ಣ ಅನ್ನಿಸಬೇಕು. ಆ ಎರಡರ ನಡುವೆ ನಿಲ್ಲಿಸಿ.

ತಂಪು ದೇಶದವರು ಒಂದು ಪಾಲು ಬಣ್ಣಕ್ಕೆ ಒಂದು ಪಾಲು ನೀರು ಅನ್ನುತ್ತಾರೆ. ನಮ್ಮಲ್ಲಿ ಬೇಸಿಗೆಗೆ ಒಂದೂವರೆ ಪಾಲು ಹಾಕಿ. ಬೇಕಿದ್ದರೆ ಬಣ್ಣ ತಡವಾಗಿ ಒಣಗಿಸುವ ರಿಟಾರ್ಡರ್ ಒಂದು ಹನಿ. ಅದಕ್ಕಿಂತ ಹೆಚ್ಚಾದರೆ ಬಣ್ಣ ಅಂಟಂಟಾಗಿ ಉಳಿಯುತ್ತದೆ. ಪ್ರತಿ ಸಲ ಬ್ರಶ್ ಅದ್ದಿದ ಮೇಲೆ ಟಿಶ್ಯೂಗೆ ಒಮ್ಮೆ ತಾಗಿಸಿ, ಆಮೇಲೆ ಗೊಂಬೆಗೆ ಮುಟ್ಟಿಸಿ. ಎರಡು ತೆಳು ಪದರ ಸಾಕು. ಅಡಿಯ ಕಪ್ಪು, ಬಿಳಿ ಸ್ವಲ್ಪ ಇಣುಕುತ್ತಿರಲಿ, ಪೂರ್ತಿ ಮುಚ್ಚಬೇಡಿ. ಆ ನೆರಳು ಬೆಳಕು ನಮಗೆ ಪುಕ್ಕಟೆ ಸಿಕ್ಕಿದ್ದು.

ಇದು ಒಣಗಿದ ಮೇಲೆ ನೇರಳೆ ವಾಶ್. ಫ್ಯಾನ್ ಆಫ್ ಮಾಡಿ. ಇಡೀ ಮೈಗೆ ಒಟ್ಟಿಗೆ ಸುರಿಯಬೇಡಿ. ನಮ್ಮ ಬಿಸಿಗೆ ಒಂದು ತೋಳು ಮುಗಿಯುವಷ್ಟರಲ್ಲಿ ಇನ್ನೊಂದು ತೋಳಿನ ಅಂಚು ಒಣಗಿ ಗೆರೆ ಬೀಳುತ್ತದೆ. ಎಡತೋಳು ಮುಗಿಸಿ, ಬಲತೋಳು ಮುಗಿಸಿ, ಆಮೇಲೆ ಎದೆ. ಪಕ್ಕೆಲುಬುಗಳ ನಡುವೆ, ಕಂಕುಳಲ್ಲಿ, ಮಂಡಿಯ ಹಿಂದೆ, ದವಡೆಯ ಕೆಳಗೆ ವಾಶ್ ನಿಲ್ಲಲಿ. ಬೆನ್ನ ಮೇಲೆ, ನೆತ್ತಿಯ ಮೇಲೆ ಹನಿ ನಿಂತರೆ ಒದ್ದೆ ಬ್ರಶ್ಶಿನಿಂದ ಹೀರಿ ತೆಗೆಯಿರಿ. ಪೂರ್ತಿ ಒಣಗಲು ಬಿಡಿ. ಹೇರ್ ಡ್ರೈಯರ್ ಹಿಡಿಯುವ ಆತುರ ಬೇಡ.

ಈಗ ಗೊಂಬೆ ಮಸುಕಾಗಿ, ಕೊಳಕಾಗಿ ಕಾಣುತ್ತದೆ. ಹೊಸಬರು ಇಲ್ಲೇ ಕೈಬಿಡುತ್ತಾರೆ. ಮುಂದುವರಿಯಿರಿ. ಮೊದಲ ಪದರದ ಬಣ್ಣವನ್ನೇ ಮತ್ತೆ ತೆಗೆದುಕೊಂಡು ಉಬ್ಬಿದ ಭಾಗಗಳ ಮೇಲೆ ಮಾತ್ರ ಹಚ್ಚಿ: ಪಕ್ಕೆಲುಬಿನ ಮೇಲ್ಮೈ, ಬೆನ್ನುಮೂಳೆಯ ಗಂಟುಗಳು, ಕೆನ್ನೆಮೂಳೆ, ಹುಬ್ಬು, ಬೆರಳ ಗೆಣ್ಣು. ಅದಕ್ಕೆ ಮೂಳೆ ಬಣ್ಣ ಬೆರೆಸಿ ಇನ್ನೂ ಚಿಕ್ಕ ಜಾಗಕ್ಕೆ. ಕೊನೆಗೆ ಬರೀ ಮೂಳೆ ಬಣ್ಣ, ತುದಿಗಳಿಗೆ ಮಾತ್ರ. ಅಪ್ಪಟ ಬಿಳಿಯನ್ನು ಚರ್ಮದ ಮೇಲೆ ಎಲ್ಲೂ ಬಳಸಬೇಡಿ, ಅದು ಸುಣ್ಣ ಬಳಿದ ಗೋಡೆಯ ಬಣ್ಣ ಕೊಡುತ್ತದೆ.

ನಮ್ಮ ದೊಡ್ಡಾಟದ ರಾಕ್ಷಸ ವೇಷದವರು ಕಣ್ಣ ಸುತ್ತ, ಹುಬ್ಬಿಗೆ, ಮೀಸೆಗೆ ಅಷ್ಟು ದಪ್ಪ ಗೆರೆ ಎಳೆಯುವುದು ಕೊನೆಯ ಸಾಲಿನಲ್ಲಿ ಚಾಪೆ ಹಾಸಿ ಕೂತವರಿಗೂ ಮುಖ ಕಾಣಲಿ ಅಂತ. ಮೇಜಿನ ಮೇಲಿನ ಗೊಂಬೆಯನ್ನೂ ಜನ ಎರಡಡಿ ದೂರದಿಂದ ನೋಡುತ್ತಾರೆ. ಹಾಗಾಗಿ ಕಣ್ಣ ಹತ್ತಿರ ಹಿಡಿದಾಗ ಸ್ವಲ್ಪ ಅತಿಯಾಯಿತು ಅನ್ನಿಸುವಷ್ಟು ಬೆಳಕು ನೆರಳಿನ ಅಂತರ ಇಡಿ. ಕೈ ಚಾಚಿ ಹಿಡಿದು ನೋಡಿದಾಗ ಅದೇ ಸರಿಯಾಗಿರುತ್ತದೆ.

ಚರ್ಮದ ಕೊನೆಯ ಹಂತ ಗ್ಲೇಜ್. ಒಂದು ಪಾಲು ಬಣ್ಣಕ್ಕೆ ಐದಾರು ಪಾಲು ನೀರು. ಬ್ರಶ್ಶನ್ನು ಟಿಶ್ಯೂಗೆ ಒತ್ತಿ ಮುಕ್ಕಾಲು ಬಣ್ಣ ತೆಗೆದುಬಿಡಿ. ಉಳಿದಿದ್ದರಲ್ಲಿ ತೆಳುವಾಗಿ ಸವರಿ. ಒಂದು ಸಲಕ್ಕೆ ಏನೂ ಕಾಣುವುದಿಲ್ಲ. ಮೂರನೇ ಸಲಕ್ಕೆ ಚರ್ಮದ ಒಳಗಿನಿಂದಲೇ ಬಂದ ಹಾಗೆ ಬಣ್ಣ ಮೂಡುತ್ತದೆ. ಕಣ್ಣಗುಳಿ ಮತ್ತು ಉಗುರಿನ ಬುಡಕ್ಕೆ ಕೆನ್ನೇರಳೆ. ಹೊಟ್ಟೆಗೆ ಹಳದಿ ಬೆರೆತ ಹಸಿರು. ಮೊಣಕೈ, ಮಂಡಿ, ಗೆಣ್ಣು, ಕಿವಿಯ ತುದಿಗೆ ಒಂದಿಷ್ಟು ಇಟ್ಟಿಗೆ ಕೆಂಪು. ಸತ್ತ ಮೈಗೆ ಕೆಂಪು ಯಾಕೆ ಅಂತ ಕೇಳಬಹುದು. ಈ ಪಿಶಾಚಿ ಈಗಷ್ಟೇ ಉಂಡು ಬಂದಿದೆ. ಬಿಳಚಿದ ಮೈಯಲ್ಲಿ ಆ ಒಂದೆರಡು ಕಡೆ ಕಾಣುವ ಬದುಕಿನ ಕೆಂಪು ಬೇರೆಲ್ಲ ಬಣ್ಣಕ್ಕಿಂತ ಹೆಚ್ಚು ಹೆದರಿಸುತ್ತದೆ. ಇಡೀ ಗೊಂಬೆಯಲ್ಲಿ ನನಗೆ ಅತಿ ಇಷ್ಟದ ಕೆಲಸ ಇದೇ.

ನರಗಳನ್ನು ಬಿಡಿಸುವ ಆಸೆ ಇದ್ದರೆ ನೀಲಿ ಬೂದು ಬಣ್ಣದಲ್ಲಿ ನಡುಗುವ ಗೆರೆ ಎಳೆದು, ಮೇಲೆ ಮೈಬಣ್ಣದ ಗ್ಲೇಜ್ ಹಾಕಿ. ಹಣೆಯ ಪಕ್ಕ ಒಂದು, ತೋಳಿಗೆ ಎರಡು. ಜಾಸ್ತಿ ಬೇಡ.

ಕಣ್ಣು

ಮನುಷ್ಯರ ಗೊಂಬೆಗೆ ಬಿಳಿ ಗುಡ್ಡೆ, ಅದರ ಮೇಲೆ ಕಪ್ಪು ಚುಕ್ಕೆ ಬೇಕು. ಪಿಶಾಚಿಗೆ ಗುಡ್ಡೆಯ ಚುಕ್ಕೆಯೇ ಬೇಡ. ನೋಟ ಎಲ್ಲಿದೆ ಅಂತ ತಿಳಿಯದ ಕಣ್ಣೇ ಹೆಚ್ಚು ಕಾಡುತ್ತದೆ.

ಮೊದಲು ಕಣ್ಣಗುಳಿಯನ್ನು ಕಪ್ಪು ಮತ್ತು ನೇರಳೆ ಬೆರೆಸಿ ತುಂಬಿ. ಗುಳಿಯ ಹೊರಗೆ ಬಂದರೂ ಪರವಾಗಿಲ್ಲ, ಆಮೇಲೆ ಮೈಬಣ್ಣದಿಂದ ತಿದ್ದಬಹುದು. ಒಣಗಿದ ಮೇಲೆ 1ನೇ ನಂಬರ್ ಬ್ರಶ್ಶಿನ ತುದಿಯಲ್ಲಿ ಹಳದಿ ಬೆರೆತ ಮಾಸಲು ಬಿಳಿ ತೆಗೆದುಕೊಳ್ಳಿ. ಎರಡೂ ಮೊಣಕೈ ಮೇಜಿಗೆ ಊರಿ, ಎರಡೂ ಮುಂಗೈಗಳನ್ನು ಒಂದಕ್ಕೊಂದು ತಾಗಿಸಿ. ಹೀಗೆ ಹಿಡಿದರೆ ಕೈ ನಡುಗಿದರೂ ಗೊಂಬೆ ಮತ್ತು ಬ್ರಶ್ ಒಟ್ಟಿಗೇ ಅಲುಗುತ್ತವೆ. ಉಸಿರು ಅರ್ಧ ಬಿಟ್ಟು, ತುದಿಯನ್ನು ಗುಳಿಯ ನಡುವೆ ಮುಟ್ಟಿಸಿ ತೆಗೆಯಿರಿ. ಎಳೆಯಬೇಡಿ, ಬರೀ ಮುಟ್ಟಿಸಿ. ಸುತ್ತಲೂ ಕಪ್ಪು ಅಂಚು ಉಳಿಯಬೇಕು. ಆ ಅಂಚೇ ಕಣ್ಣಿಗೆ ಆಳ ಕೊಡುತ್ತದೆ.

ಇಂಥದ್ದೊಂದು ಗೊಂಬೆಯನ್ನು ಕಪಾಟಿನಲ್ಲಿಟ್ಟಾಗ ಅಕ್ಕನ ಮಗ ಆ ಕಡೆ ಈ ಕಡೆ ಓಡಾಡಿ ನೋಡಿ, "ಮಾಮಾ, ಎಲ್ಲಿ ಕುಂತ್ರೂ ಇದು ನನ್ ಕಡೇನೇ ನೋಡಾಕತ್ತೈತಲ್ಲ" ಅಂದ. ಅದರ ಕಣ್ಣಲ್ಲಿ ಕಪ್ಪು ಚುಕ್ಕೆಯೇ ಇರಲಿಲ್ಲ.

ಬಾಯಿ, ಹಲ್ಲು, ಉಗುರು

ಬಾಯಿಯ ಒಳಗೆ ಕಪ್ಪಿಗೆ ಹತ್ತಿರದ ಕಂದುಗೆಂಪು. ಒಸಡಿಗೆ ನೇರಳೆ ಬೆರೆತ ಗುಲಾಬಿ. ಹಲ್ಲಿಗೆ ಮೊದಲು ಕಡು ಕಂದು, ಅದರ ಮೇಲೆ ಮೂಳೆ ಬಣ್ಣದ ಸಣ್ಣ ಸಣ್ಣ ಗೆರೆಗಳು ಬುಡದಿಂದ ತುದಿಗೆ. ಬುಡದಲ್ಲಿ ಕಂದು ಉಳಿಯಲಿ. ಒಂದೆರಡು ಹಲ್ಲನ್ನು ಕಂದಾಗಿಯೇ ಬಿಟ್ಟುಬಿಡಿ. ಎಲ್ಲ ಹಲ್ಲೂ ಒಂದೇ ಬಣ್ಣ ಇದ್ದರೆ ಕಟ್ಟಿಸಿದ ಹಲ್ಲಿನ ಸೆಟ್ ಅನ್ನಿಸುತ್ತದೆ. ಉಗುರಿಗೂ ಇದೇ ಕ್ರಮ.

ಚಿಂದಿ ಬಟ್ಟೆ ಮತ್ತು ತುಕ್ಕು

ಬಟ್ಟೆಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಬೂದು ಬೆರೆತ ಕಂದು ಹಚ್ಚಿ, ಕಂದು ವಾಶ್ ಹಾಕಿ, ಒಣಗಿದ ಮೇಲೆ ಡ್ರೈಬ್ರಶ್ ಮಾಡಿ. ಅಂದರೆ ಹಳೆಯ ಬ್ರಶ್ಶಿಗೆ ತಿಳಿ ಬಣ್ಣ ತಾಗಿಸಿ, ಟಿಶ್ಯೂ ಮೇಲೆ ಉಜ್ಜಿ ಬಹುಪಾಲು ತೆಗೆದು, ಉಳಿದ ಧೂಳಿನಷ್ಟು ಬಣ್ಣವನ್ನು ಮಡಿಕೆಗಳ ಮೇಲೆ ಸವರುವುದು. ಚರ್ಮಕ್ಕೆ ಮಾತ್ರ ಡ್ರೈಬ್ರಶ್ ಬೇಡ, ತರಿತರಿಯಾಗುತ್ತದೆ.

ತುಕ್ಕಿನ ವಿಷಯದಲ್ಲಿ ನಮ್ಮಷ್ಟು ಅದೃಷ್ಟವಂತರು ಇಲ್ಲ. ಹೊರದೇಶದವರು ತುಕ್ಕಿನ ಪುಡಿಯನ್ನು ಚಿಕ್ಕ ಡಬ್ಬಿಯಲ್ಲಿ ದುಡ್ಡು ಕೊಟ್ಟು ಕೊಳ್ಳುತ್ತಾರೆ. ಅದು ಐರನ್ ಆಕ್ಸೈಡ್. ಸಂಡೂರಿನ ಮಣ್ಣಿಗೆ ಕೆಂಪು ಬಂದಿರುವುದೂ ಅದರಿಂದಲೇ, ಅಲ್ಲಿನ ಹೆಮಟೈಟ್ ಅದಿರು ಅಂದರೆ ಐರನ್ ಆಕ್ಸೈಡೇ. ಆ ಕಡೆಯ ನೆಂಟರ ಮನೆಗೆ ಹೋದಾಗ ಅಂಗಳದ ಒಂದು ಹಿಡಿ ಕೆಂಪು ಧೂಳು ತಂದರೆ ವರ್ಷಗಟ್ಟಲೆ ಸಾಕು. ಬಾಣಲೆಯಲ್ಲಿ ಬಿಸಿ ಮಾಡಿ ತೇವ ತೆಗೆಯಿರಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಈ ಕೆಲಸ ಮಾಡುವಾಗ ಮಾಸ್ಕ್ ಇರಲಿ, ನಯವಾದ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಅದು ಸಿಗದಿದ್ದರೆ ಹಾರ್ಡ್‌ವೇರ್ ಅಂಗಡಿಯ ರೆಡ್ ಆಕ್ಸೈಡ್ ಪುಡಿ.

ಪಿಶಾಚಿಯ ಕಾಲಿಗೆ ಸಂಕೋಲೆ ಇದ್ದರೆ ಮೊದಲು ಕಡು ಕಂದು ಹಚ್ಚಿ. ಉಬ್ಬುಗಳ ಮೇಲೆ ಸ್ಟೀಲ್ ಬಣ್ಣದ ಡ್ರೈಬ್ರಶ್. ಸಂದುಗಳಿಗೆ ಈ ಕೆಂಪು ಪುಡಿಯನ್ನು ಒಂದು ಹನಿ ಮ್ಯಾಟ್ (ಹೊಳಪಿಲ್ಲದ) ವಾರ್ನಿಶ್‌ನಲ್ಲಿ ಕಲಸಿ ಇಡಿ. ಬಣ್ಣದಲ್ಲಿ ಬರೆದ ತುಕ್ಕಿಗೂ ಇದಕ್ಕೂ ಇರುವ ಅಂತರ ನೋಡಿದ ಕೂಡಲೇ ಗೊತ್ತಾಗುತ್ತದೆ. ಬಟ್ಟೆಯ ಅಂಚಿಗೂ ಪಾದಕ್ಕೂ ಅದೇ ಪುಡಿಯನ್ನು ಒಣಬ್ರಶ್ಶಿನಿಂದ ತಟ್ಟಿ.

ರಕ್ತ, ಕೊನೆಗೆ ಮತ್ತು ಕಡಿಮೆ

ಹಳೆಯ ರಕ್ತ ಕಂದಾಗಿರುತ್ತದೆ, ಹೊಸದು ಮಾತ್ರ ಕೆಂಪು. ಕೈಗೆ ಒಣಗಿದ್ದು, ಬಾಯಿಗೆ ಹಸಿ. ಹಸಿ ರಕ್ತಕ್ಕೆ ತಮಿಯಾ ಕಂಪನಿಯ ಕ್ಲಿಯರ್ ರೆಡ್ ಬಹಳ ಮಂದಿ ಮೆಚ್ಚುವ ಬಣ್ಣ, ಎಕ್ಸ್-27 ಅದರ ನಂಬರ್. ಅದಕ್ಕೆ ಒಂದು ಚೂರು ಕಂದು ಬೆರೆಸಿ. ಕೆಳದುಟಿಯಿಂದ ಗದ್ದಕ್ಕೆ ಒಂದು ಎಳೆ, ಬೆರಳ ತುದಿಗಳಿಗೆ ಸ್ವಲ್ಪ. ಅಲ್ಲಿಗೆ ಬಾಟಲಿ ಮುಚ್ಚಿ. ಇದನ್ನು ಮುಂದೆ ಹೇಳುವ ಮ್ಯಾಟ್ ವಾರ್ನಿಶ್ ಆದ ನಂತರವೇ ಹಚ್ಚಬೇಕು, ಇಲ್ಲವಾದರೆ ಹೊಳಪು ಹೋಗಿಬಿಡುತ್ತದೆ.

ತಳಬಿಲ್ಲೆ: ಮೊರೇರ ಗುಡ್ಡದ ನೆರಳು

ಬರೀ ಹಸಿರು ಹುಲ್ಲಿನ ಮೇಲೆ ನಿಂತ ಪಿಶಾಚಿ ಯಾವ ಊರಿನದು ಅಂತಲೇ ತಿಳಿಯುವುದಿಲ್ಲ. ನಮ್ಮ ಸೀಮೆಯಲ್ಲಿ ಇದಕ್ಕಿಂತ ಒಳ್ಳೆಯ ಜಾಗಗಳಿವೆ. ಗಂಗಾವತಿ ಹತ್ತಿರದ ಹಿರೇಬೆಣಕಲ್‌ನ ಶಿಲಾಸಮಾಧಿಗಳನ್ನು ನೋಡಿದ್ದೀರಾ? ಜನ ಮೊರೇರ ಗುಡ್ಡ ಅನ್ನುತ್ತಾರೆ. ಗುಡ್ಡದ ಮೇಲೆ ಸುಮಾರು 400 ಶಿಲಾ ರಚನೆಗಳಿವೆ, 2,000 ವರ್ಷಕ್ಕೂ ಹಿಂದಿನವು. 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೂ ಸೇರಿದವು. ಮೂರು ಕಡೆ ಚಪ್ಪಡಿ, ಮೇಲೊಂದು ಚಪ್ಪಡಿ. ಎಷ್ಟೋ ಸಮಾಧಿಗಳ ಒಂದು ಗೋಡೆಗೆ ಗುಂಡಾದ ಕಿಂಡಿ ಕೊರೆದಿದ್ದಾರೆ. ಆ ಕಿಂಡಿಯ ಮುಂದೆ ಬಾಗಿ ಕೂತ ಪಿಶಾಚಿ ಸಾಕು, ಕತೆ ಹೇಳುವ ಕೆಲಸ ಅರ್ಧ ಮುಗಿಯಿತು.

ಮಾಡುವುದು ಸುಲಭ. ಕಡಪ ಕಲ್ಲು ಕತ್ತರಿಸುವ ಕಡೆ ಬಿದ್ದಿರುವ ತೆಳು ಚಕ್ಕೆಗಳನ್ನು ಕೇಳಿ ತನ್ನಿ. ಎರಡನ್ನು ನಿಲ್ಲಿಸಿ, ಮೇಲೊಂದು ಮಲಗಿಸಿ, ಫೆವಿಕ್ವಿಕ್ ಹಾಕಿ. ಕಿಂಡಿ ಇರುವ ಗೋಡೆಗೆ ಮಾತ್ರ ದಪ್ಪ ರಟ್ಟು ಬಳಸಿ, ಬಿಸಿ ಮಾಡಿದ ಮೊಳೆಯಿಂದ ತೂತು ಮಾಡಿ. ಗುಡ್ಡದಿಂದ ಒಂದು ಕಲ್ಲನ್ನೂ ತರಬೇಡಿ, ಅದು ಅಲ್ಲೇ ಇರಬೇಕಾದ್ದು. 25 ಮಿಲಿಮೀಟರ್ ಬಿಲ್ಲೆಯ ಮೇಲೆ ಪೂರ್ತಿ ಸಮಾಧಿ ಹಿಡಿಸದು. ಒಂದು ಮೂಲೆಯಷ್ಟು ಕಂಡರೆ ಸಾಕು, ಇಲ್ಲವಾದರೆ 40 ಮಿಲಿಮೀಟರ್ ಬಿಲ್ಲೆ ತೆಗೆದುಕೊಳ್ಳಿ.

ನೆಲಕ್ಕೆ ಫೆವಿಕಾಲನ್ನು ಸಮಪಾಲು ನೀರಿನಲ್ಲಿ ಕದಡಿ ಬಳಿದು, ಜರಡಿ ಹಿಡಿದ ಮರಳು ಉದುರಿಸಿ. ಒಣಗಿದ ಮೇಲೆ ಅದೇ ನೀರುಗೋಂದನ್ನು ಇನ್ನೊಂದು ಸಲ ಮೇಲಿನಿಂದ ಹನಿಸಿದರೆ ಮರಳು ಏಳುವುದಿಲ್ಲ. ಕುಡಿದು ಉಳಿದ ಚಹಾಪುಡಿ ತೊಳೆದು ಒಣಗಿಸಿದರೆ ಕೊಳೆತ ಎಲೆಯಾಗುತ್ತದೆ. ಒಣಮರ ಬೇಕಿದ್ದರೆ ಬಳ್ಳಾರಿ ಜಾಲಿಯ ಬೇರಿನ ತುದಿ ಹುಡುಕಿ. ತಿರುಚಿಕೊಂಡ ಆ ಬೇರು ಈ ಅಳತೆಯಲ್ಲಿ ಥೇಟ್ ಮುದಿ ಮರ. ಓವನ್ನಿನಲ್ಲೋ ಬಿಸಿಲಲ್ಲೋ ಚೆನ್ನಾಗಿ ಒಣಗಿಸಿ, ಹುಳ ಇರಬಾರದು.

ನೆಲದ ಬಣ್ಣ ಬೂದಿಗೆ ಹತ್ತಿರ ಇರಲಿ. ಬಳ್ಳಾರಿ ಪಕ್ಕದ ಕುಡತಿನಿಯಲ್ಲಿ ನವಶಿಲಾಯುಗದವರು ದನದ ಸಗಣಿ ಸುಟ್ಟು ಸುಟ್ಟು ಆದ ಬೂದಿದಿಬ್ಬ ಇದೆ. ಆ ಬಣ್ಣದ ನೆಲ ಇಟ್ಟರೆ ಬಿಳಚಿದ ಮೈ ನೆಲದಿಂದಲೇ ಎದ್ದು ಬಂದ ಹಾಗೆ ಕಾಣುತ್ತದೆ. ಪಾದದ ಸುತ್ತ ಮಾತ್ರ ಒಂದಿಷ್ಟು ಕೆಂಪು ಪುಡಿ ಹಾಕಿ, ಮೈ ನೆಲ ಎರಡೂ ಬೇರೆಯಾಗಲಿ. ಬಿಲ್ಲೆಯ ಅಂಚಿಗೆ ಮ್ಯಾಟ್ ಕಪ್ಪು.

ವಾರ್ನಿಶ್

ಗೊಂಬೆಯನ್ನು ಆಟದಲ್ಲಿ ಎತ್ತಿಡುತ್ತಲೇ ಇರುತ್ತೀರಿ, ಕೈ ಬೆವರುತ್ತದೆ. ವಾರ್ನಿಶ್ ಬೇಕೇ ಬೇಕು. ಇಡೀ ಮೈಗೆ ಮ್ಯಾಟ್. ಸ್ಪ್ರೇ ಆದರೆ ತೇವದ ದಿನ ಬೇಡವೇ ಬೇಡ. ಗಾಳಿಯಲ್ಲಿ ನೀರಿನಂಶ ಇದ್ದರೆ ವಾರ್ನಿಶ್ ಮಂಜು ಹಿಡಿದ ಹಾಗೆ ಬೆಳ್ಳಗಾಗುತ್ತದೆ, ಕಪ್ಪು ನೆರಳುಗಳೆಲ್ಲ ಮಾಸುತ್ತವೆ. ಕೂಲರ್ ಆಫ್ ಮಾಡಿ ಅಂದಿದ್ದು ಇದಕ್ಕೇ. ಮಳೆಗಾಲದಲ್ಲಿ ಬ್ರಶ್ಶಿನಿಂದ ಹಚ್ಚುವ ವಾರ್ನಿಶ್ ಒಳ್ಳೆಯದು, ಎರಡು ತೆಳು ಪದರ ಸಾಕು.

ಒಂದು ರಾತ್ರಿ ಒಣಗಲಿ. ಮರುದಿನ ಹೊಳಪು ಕೊಡುವ ಗ್ಲಾಸಿ ವಾರ್ನಿಶ್ ತೆಗೆದುಕೊಂಡು ಕಣ್ಣಿಗೆ, ಒಸಡಿಗೆ, ನಾಲಿಗೆಗೆ ಮಾತ್ರ ಮುಟ್ಟಿಸಿ. ಮೈಯೆಲ್ಲ ಒಣಗಿ ಬಾಯಿ ಮಾತ್ರ ಒದ್ದೆಯಾಗಿ ಹೊಳೆಯಬೇಕು. ರಕ್ತದ ಕೆಲಸವೂ ಈಗಲೇ.

ಆಟಕ್ಕೆ ಒಯ್ಯುವಾಗ ಬಿಲ್ಲೆಯ ಅಡಿಗೆ ಚಿಕ್ಕ ಅಯಸ್ಕಾಂತ ಅಂಟಿಸಿ, ಕಬ್ಬಿಣದ ಬಿಸ್ಕತ್ ಡಬ್ಬಿಯೊಳಗೆ ನಿಲ್ಲಿಸಿದರೆ ಗೊಂಬೆ ಅಲುಗದು. ಬೇಸಿಗೆಯಲ್ಲಿ ಆ ಡಬ್ಬಿಯನ್ನು ಕಾರಿನೊಳಗಾಗಲಿ ಬೈಕಿನ ಡಿಕ್ಕಿಯಲ್ಲಾಗಲಿ ಬಿಟ್ಟು ಹೋಗಬೇಡಿ. ಒಳಗಿನ ಬಿಸಿಗೆ ಮೆತ್ತನೆಯ ಪ್ಲಾಸ್ಟಿಕ್ ಗೊಂಬೆಯ ಕಣಕಾಲು ಬಾಗುತ್ತದೆ. ಬಾಗಿದ್ದರೆ ಬಿಸಿನೀರಿನಲ್ಲಿ ಕೆಲವು ಸೆಕೆಂಡ್ ಅದ್ದಿ, ನೆಟ್ಟಗೆ ಹಿಡಿದು, ತಣ್ಣೀರಿಗೆ ಹಾಕಿ. ವಾರ್ನಿಶ್ ಸರಿಯಾಗಿ ಹಚ್ಚಿದ್ದರೆ ಬಣ್ಣಕ್ಕೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ.